ಉಳಿದಿದ್ದು ನಂಬರೊಂದೇ

ನನ್ನ ರೈಫಲಿನ ಬೆಲೆಗಿಂತ ಅದಕ್ಕೆ ಆಮೇಲೆ ತೊಡಿಸಿದ ಬಿಡಿಭಾಗಗಳ ಬೆಲೆ ಜಾಸ್ತಿಯಾಗಿ ಬಹಳ ಕಾಲವಾಯಿತು. ಇದು ನನಗೊಬ್ಬನಿಗೇ ಅಂಟಿದ ಕಾಯಿಲೆಯಲ್ಲ. ಅಮೆರಿಕದಲ್ಲಿ ರೂಗರ್ 10/22 ಎಂಬ ಪಾಯಿಂಟ್ ಟೂ ಟೂ ರೈಫಲ್ ಕೊಂಡ ಎಷ್ಟೋ ಮನೆಗಳಲ್ಲಿ ಇದೇ ಕಥೆ. ಮೊದಲು ಹೋಗುವುದು ಮರದ ಹಿಡಿ, ಭುಜಕ್ಕೆ ಸರಿಯಾಗಿ ಕೂರುವುದಿಲ್ಲ ಎಂಬ ನೆಪದಲ್ಲಿ. ಹೊಸ ಹಿಡಿಗೆ ಕೆನ್ನೆ ಆನಿಸಿದ ಕೂಡಲೇ ಟ್ರಿಗರ್ ಬಿಗಿ ಅನ್ನಿಸತೊಡಗುತ್ತದೆ. ಟ್ರಿಗರ್ ಹಗುರವಾದರೆ ನಳಿಗೆ ಬಡಕಲಾಗಿ ಕಾಣುತ್ತದೆ. ದಪ್ಪ ನಳಿಗೆ ಬಂತೋ, ಅದು ಹೊಸ ಹಿಡಿಯ ತೋಡಿನಲ್ಲಿ ಕೂರುವುದಿಲ್ಲ. ಇನ್ನೊಂದು ಹಿಡಿ ತರಿಸಬೇಕು. ಅಂಗಡಿಯವನು ಇದನ್ನು ಮೊದಲೇ ಹೇಳುವುದಿಲ್ಲ. ಹೇಳಿದರೆ ಒಂದೇ ಹಿಡಿ ಮಾರಾಟವಾಗುತ್ತದಲ್ಲ.

ಬಿಚ್ಚಿದ ಭಾಗಗಳನ್ನೆಲ್ಲ ನಾನು ಗ್ಯಾರೇಜಿನ ಡಬ್ಬವೊಂದರಲ್ಲಿ ಇಟ್ಟಿದ್ದೇನೆ. ಒಂದು ಭಾನುವಾರ ನನ್ನ ಹೆಂಡತಿ ಅದರ ಮುಚ್ಚಳ ತೆಗೆದು ನೋಡಿ, "ರೀ, ತಂದಿದ್ದೆಲ್ಲ ಈ ಡಬ್ಬದಲ್ಲಿದೆ. ಹಾಕಿರೋದೆಲ್ಲ ಹೊಸದು. ಹಾಗಾದ್ರೆ ಆವತ್ತು ಅಂಗಡಿಯಿಂದ ತಂದ ಕೋವಿ ಯಾವುದು?" ಎಂದಳು. ಅವಳು ಬಿ.ಎ.ಯಲ್ಲಿ ತರ್ಕಶಾಸ್ತ್ರ ಓದಿದವಳು. ಇಂಥ ಪ್ರಶ್ನೆಗಳನ್ನು ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ಕೇಳುತ್ತಾಳೆ.

ಅಮೆರಿಕದ ಕಾನೂನಿನಲ್ಲಿ ಇದಕ್ಕೆ ಖಚಿತ ಉತ್ತರವಿದೆ. ತೋಟೆಯನ್ನು ನಳಿಗೆಗೆ ತಳ್ಳುವ ಬೋಲ್ಟು ಹಿಂದೆ ಮುಂದೆ ಓಡಾಡುವ, ನಳಿಗೆಯೂ ಟ್ರಿಗರೂ ಬಂದು ಕೂಡುವ ಅಲ್ಯೂಮಿನಿಯಂ ಮಿಶ್ರಲೋಹದ ಪೆಟ್ಟಿಗೆಯೊಂದಿದೆ. ಅದಕ್ಕೆ ರಿಸೀವರ್ ಎನ್ನುತ್ತಾರೆ. ಸೀರಿಯಲ್ ನಂಬರ್ ಕೊರೆದಿರುವುದು ಅದರ ಮೇಲೆ. ಕಾನೂನಿನ ಕಣ್ಣಿಗೆ ಅದೇ ಬಂದೂಕು. ಅದನ್ನು ಲೈಸೆನ್ಸ್ ಇರುವ ಅಂಗಡಿಯಿಂದ ಕೊಂಡರೆ ಫಾರಂ ತುಂಬಬೇಕು, ನಮ್ಮ ಪೂರ್ವಾಪರ ವಿಚಾರಣೆ ಆಗಬೇಕು. ನಳಿಗೆ, ಹಿಡಿ, ಟ್ರಿಗರ್, ಬೋಲ್ಟುಗಳೆಲ್ಲ ಉಪ್ಪಿನಕಾಯಿ ಬಾಟಲಿಯ ಹಾಗೆ ಪಾರ್ಸೆಲ್ಲಿನಲ್ಲಿ ಮನೆ ಬಾಗಿಲಿಗೇ ಬರುತ್ತವೆ. ಅವಳಿಗೆ ಆ ಪೆಟ್ಟಿಗೆ ತೋರಿಸಿ, "ಇದು" ಎಂದೆ. "ಇಷ್ಟೇನಾ?" ಎಂದಳು.

ಕೊಡಗಿನಲ್ಲಿ ಬೆಳೆದವನಿಗೆ ಈ ಲೆಕ್ಕ ಒಗ್ಗುವುದು ಕಷ್ಟ. ನನ್ನಪ್ಪ ಪಾಲಿಬೆಟ್ಟದ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರಾಗಿದ್ದರು. ಸಾಹುಕಾರರ ಮನೆಯಲ್ಲಿ ಜೆಕೊಸ್ಲೊವಾಕಿಯಾದ ಬ್ರನೊ ಪಾಯಿಂಟ್ ಟೂ ಟೂ ಒಂದಿತ್ತು. ಹಿಡಿಯ ಕುತ್ತಿಗೆಯಲ್ಲಿ ಬಿರುಕು ಬಿಟ್ಟ ಕಡೆ ಹಿತ್ತಾಳೆ ತಂತಿ ಸುತ್ತಿದ್ದರು. ನೋಡುವುದಕ್ಕೆ ಚೆಂದವಿರಲಿಲ್ಲ, ಆದರೆ ಬದಲಿಸುವ ಮಾತನ್ನು ಯಾರೂ ಆಡಿದ್ದು ನಾನು ಕೇಳಿಲ್ಲ. ಕೈಲ್ ಪೊಳ್ದ್ ಹಬ್ಬ ಬಂದರೆ ಆ ತಂತಿಯನ್ನೂ ಉಜ್ಜಿ, ನಳಿಗೆಗೆ ಎಣ್ಣೆ ಎಳೆದು, ಉಳಿದ ಕೋವಿ ಕತ್ತಿಗಳ ಜೊತೆ ದೇವರ ಕೋಣೆಯಲ್ಲಿಟ್ಟು, ತೋಕ್ ಪೂ ಎನ್ನುವ ಅಗ್ನಿಶಿಖೆ ಹೂವು ಮುಡಿಸುತ್ತಿದ್ದರು. ಪೂಜೆ, ಊಟ ಮುಗಿದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಕಾಯಿ ಒಡೆದವರಿಗೆ ಕೇಕೆ, ತಪ್ಪಿದವರಿಗೆ ಅದಕ್ಕಿಂತ ದೊಡ್ಡ ಕೇಕೆ. ತಪ್ಪಿದವರು ಕೋವಿಯನ್ನು ಬೈದದ್ದಿಲ್ಲ, ಗಾಳಿಯನ್ನು ಬೈಯುತ್ತಿದ್ದರು.

ಸಾಹುಕಾರರು ಕೋವಿ ಇಟ್ಟುಕೊಳ್ಳುವುದಕ್ಕೆ ಲೈಸೆನ್ಸ್ ಬೇಕಿರಲಿಲ್ಲ. 1857ರ ದಂಗೆಯ ನಂತರ ಬ್ರಿಟಿಷರು ಜನರ ಆಯುಧ ಕಿತ್ತುಕೊಳ್ಳುವ ಕಾನೂನು ತಂದಾಗ, ಚೀಫ್ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಕೊಡಗಿನವರಿಗೆ ಅದರಿಂದ ವಿನಾಯಿತಿ ಕೊಟ್ಟ. ಬೆಂಗಳೂರಿನ ಪಾರ್ಕಿಗೆ ಹೆಸರು ಬಿಟ್ಟುಹೋದ ಅದೇ ಕಬ್ಬನ್. ಸ್ವಾತಂತ್ರ್ಯ ಬಂದ ಮೇಲೂ ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ವಿನಾಯಿತಿ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟು ಎತ್ತಿಹಿಡಿಯಿತು. ಆದರೆ 1959ರ ನಮ್ಮ ಶಸ್ತ್ರಾಸ್ತ್ರ ಕಾಯ್ದೆ ಆಯುಧ ಎಂದರೇನು ಎಂದು ಹೇಳುವಾಗ ಅದರ ಬಿಡಿಭಾಗಗಳನ್ನೂ ಸೇರಿಸಿಬಿಡುತ್ತದೆ. ಅಲ್ಲಿ ನಳಿಗೆಯೂ ಆಯುಧ, ಬೋಲ್ಟೂ ಆಯುಧ. ನನ್ನ ಗ್ಯಾರೇಜಿನ ಡಬ್ಬ ನಾನಿರುವ ಅಯೋವಾದಲ್ಲಿ ಬರೀ ಗುಜರಿ. ಪಾಲಿಬೆಟ್ಟದಲ್ಲಿದ್ದರೆ ಪೊಲೀಸರು ಮಹಜರು ಬರೆಯುತ್ತಿದ್ದರು.

ನನ್ನ ರೈಫಲಿಗೂ ಆ ಬ್ರನೊಗೂ ಹಾಕುವ ಪಾಯಿಂಟ್ ಟೂ ಟೂ ಎಂಬ ಪುಟ್ಟ ತೋಟೆಯ ವಂಶ ಹಳೆಯದು. ಮಲೆನಾಡಿನ ಕೇಪಿನ ಕೋವಿ ಕಂಡವರಿಗೆ ಅದನ್ನು ವಿವರಿಸುವುದು ಸುಲಭ. ಕೇಪಿನ ಕೋವಿಯಲ್ಲಿ ಮದ್ದು, ಗುಂಡು, ಕೇಪು ಎಲ್ಲ ಬೇರೆ ಬೇರೆ. ಒಂದೊಂದಾಗಿ ತುಂಬಿ ಈಡು ಮಾಡಬೇಕು. ಹನ್ನೆರಡು ಬೋರಿನ ತೋಟೆಯಲ್ಲಿ ಕೇಪು ತಳದ ನಡುಮಧ್ಯೆ ಬಂದು ಕೂತಿತು. ಪಾಯಿಂಟ್ ಟೂ ಟೂ ತೋಟೆಯಲ್ಲಿ ಕೇಪೇ ಇಲ್ಲ. ತಳದ ಅಂಚು ಟೊಳ್ಳಾದ ಮಡಿಕೆ. ಹೊಡೆದರೆ ಸಿಡಿಯುವ ಮದ್ದನ್ನು ಅದರೊಳಗೆ ತುಂಬಿರುತ್ತಾರೆ, ಫೈರಿಂಗ್ ಪಿನ್ ಅಂಚಿನ ಎಲ್ಲಿ ಬಡಿದರೂ ಕಿಡಿ ಹುಟ್ಟುತ್ತದೆ. 1845ರ ಸುಮಾರಿಗೆ ಫ್ರಾನ್ಸಿನ ಫ್ಲೋಬೇರ್ ಇದನ್ನು ಮನೆಯೊಳಗೆ ಗುರಿ ಹೊಡೆಯುವ ಆಟಕ್ಕೆಂದು ಮಾಡಿದ. 1857ರಲ್ಲಿ ಸ್ಮಿತ್ ಅಂಡ್ ವೆಸನ್ ಅದಕ್ಕೆ ಮದ್ದು ಸೇರಿಸಿ ರಿವಾಲ್ವರಿಗೆ ತಂದರು. 1887ರಲ್ಲಿ ಸ್ಟೀವನ್ಸ್ ಕಂಪನಿ ಉದ್ದ ಕೊಳವೆಯ, 40 ಗ್ರೇನ್ ಗುಂಡಿನ ಲಾಂಗ್ ರೈಫಲ್ ತೋಟೆ ಮಾಡಿತು. ಇಂದಿಗೂ ನಾವು ಹೊಡೆಯುವುದು ಅದನ್ನೇ. ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕೊಲ್ಹಾಪುರದ ಸ್ವಪ್ನಿಲ್ ಕುಸಾಳೆ ಐವತ್ತು ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಕಂಚು ಗೆದ್ದದ್ದೂ ಈ ತೋಟೆಯಲ್ಲೇ.

ಇನ್ನು ನನ್ನ ರೈಫಲಿಗೆ ಹೆಸರು ಕೊಟ್ಟ ಬಿಲ್ ರೂಗರ್. ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಹುಟ್ಟಿದ ಈತ 1949ರಲ್ಲಿ ಗೆಳೆಯ ಅಲೆಕ್ಸ್ ಸ್ಟರ್ಮ್ ಹಾಕಿದ ಐವತ್ತು ಸಾವಿರ ಡಾಲರಿನಿಂದ ಕಂಪನಿ ಶುರುಮಾಡಿದ. ಎರಡೇ ವರ್ಷಕ್ಕೆ ಸ್ಟರ್ಮ್ ತೀರಿಕೊಂಡ; ಅವನ ನೆನಪಿಗೆ ಕಂಪನಿಯ ಕೆಂಪು ಹದ್ದಿನ ಲಾಂಛನವನ್ನು ಕಪ್ಪಾಗಿಸಿದರು. ರೂಗರ್‌ಗೆ ಹಳೆಯ ವಸ್ತುಗಳ ಹುಚ್ಚು. 1929ರ ಬೆಂಟ್ಲಿಯ ಮಾದರಿಯಲ್ಲಿ ಒಂದು ಮೋಟಾರು ಕಾರನ್ನೂ ಮಾಡಿಸಿದ್ದ, ಅದು ಮಾರುಕಟ್ಟೆಗೆ ಬರಲೇ ಇಲ್ಲ. 1964ರಲ್ಲಿ ಬಂದದ್ದು 10/22. ಬೆಲೆ ಐವತ್ತನಾಲ್ಕೂವರೆ ಡಾಲರ್. ಹತ್ತು ತೋಟೆಗಳು ಒಂದು ಚಕ್ರದ ಸುತ್ತ ಕೂರುವ ಮ್ಯಾಗಜಿನ್ ಅದರದ್ದು. ಹಿಡಿಯ ಕೆಳಗೆ ಇಣುಕದೆ ಒಳಗೇ ಅಡಗಿರುತ್ತದೆ. ಹಳೆಯ ಸ್ಯಾವೇಜ್ 99 ರೈಫಲಿನ ಚಕ್ರದ ಮೇಲೆ ರೂಗರ್‌ಗೆ ಇದ್ದ ಮೋಹ ಅದರಲ್ಲಿ ಕಾಣುತ್ತದೆ.

ಆದರೆ ನನ್ನ ಜೇಬು ಖಾಲಿ ಮಾಡಿದ್ದು ಚಕ್ರವಲ್ಲ, ಎರಡು ಸ್ಕ್ರೂ. ರೈಫಲಿನ ನಳಿಗೆಯನ್ನು ಸಾಮಾನ್ಯವಾಗಿ ತಿರುಪು ಕೊರೆದು ತಿರುಗಿಸಿ ಬಿಗಿಯುತ್ತಾರೆ. ಅದಕ್ಕೆ ನುರಿತ ಕೈ ಬೇಕು, ಕಾರ್ಖಾನೆಯಲ್ಲಿ ನುರಿತ ಕೈಗೆ ಕೂಲಿ ಹೆಚ್ಚು. 10/22ರಲ್ಲಿ ನಳಿಗೆ ಸುಮ್ಮನೆ ಒಳಗೆ ಜಾರುತ್ತದೆ. ವಿ ಆಕಾರದ ಒಂದು ಲೋಹದ ತುಂಡು, ಎರಡು ಸ್ಕ್ರೂ ಅದನ್ನು ಎಳೆದು ಹಿಡಿಯುತ್ತವೆ. ಕಾರ್ಖಾನೆಯ ಖರ್ಚು ಉಳಿಯಿತು. ಕಮ್ಮಾರನ ಕೆಲಸ ಅಡುಗೆಮನೆ ಮೇಜಿನ ಕೆಲಸವಾಯಿತು. ಅಲ್ಲಿಂದ ಹಿಡಿದು ಬಿಡಿಭಾಗಗಳ ಒಂದು ಉದ್ಯಮವೇ ಬೆಳೆಯಿತು; ಈಗ ರೂಗರ್ ಕಂಪನಿಯೂ ತನ್ನದೇ ರೈಫಲಿಗೆ ಹಗುರ ಟ್ರಿಗರನ್ನು ಬೇರೆಯಾಗಿ ಮಾರುತ್ತದೆ. ಇದನ್ನೇ ಮೊದಲೇ ಹಾಕಿ ಕೊಡಬಾರದಿತ್ತೇ ಎಂದು ಕೇಳುವುದು ಅರಸಿಕತನ.

ನಾನಿರುವ ಡಿಮಾಯ್ನ್‌ನಿಂದ ವಾಯವ್ಯಕ್ಕೆ, ಜೋಳದ ಹೊಲಗಳ ನಡುವೆ ಕ್ಯಾರೊಲ್ ಎಂಬ ಚಿಕ್ಕ ಊರಿದೆ. ಟಾಮ್ ವೋಲ್ಕ್ವಾರ್ಟ್ಸನ್ 1974ರಲ್ಲಿ ಶುರುಮಾಡಿದ ಕಾರ್ಖಾನೆ ಅಲ್ಲಿದೆ. ಈ ರೈಫಲಿನ ಬಿಡಿಭಾಗ ಎಂದರೆ ಅಮೆರಿಕದಲ್ಲಿ ಮೊದಲು ನೆನಪಾಗುವ ಹೆಸರುಗಳಲ್ಲಿ ಅದೂ ಒಂದು. ಈಗ ಅವರು ರಿಸೀವರನ್ನೂ ತಾವೇ ಮಾಡಿ ಪೂರಾ ರೈಫಲನ್ನೇ ಮಾರುತ್ತಾರೆ. ರೂಗರ್ ಮಾಡಿದ ಒಂದು ತುಂಡೂ ಇಲ್ಲದ, ಆದರೆ ನೋಡಿದವರೆಲ್ಲ 10/22ರ ಮನೆತನದ್ದು ಎಂದು ಗುರುತಿಸುವ ರೈಫಲ್! ನನ್ನ ಹೆಂಡತಿಗೆ ಇದನ್ನು ಇನ್ನೂ ಹೇಳಿಲ್ಲ. ಹೇಳಿದರೆ ಆ ದಿನದ ಕಾಫಿ ಬಹಳ ಉದ್ದವಾಗುತ್ತದೆ.

ಇಷ್ಟೆಲ್ಲ ಖರ್ಚು ಮಾಡಿದ್ದಕ್ಕೆ ಗುರಿ ಸುಧಾರಿಸಿತೇ? ಕಾಗದದ ಮೇಲಿನ ತೂತುಗಳು ಹತ್ತಿರವಾಗಿವೆ, ಸುಳ್ಳಲ್ಲ. ಯಾವುದರಿಂದ ಎಷ್ಟು ಎಂದು ಕೇಳಿದರೆ ನನ್ನ ಉತ್ತರ ಅಂಗಡಿಯವರಿಗೆ ಇಷ್ಟವಾಗಲಿಕ್ಕಿಲ್ಲ. ಹಿಡಿಯಿಂದ ಬಂದದ್ದು ಚೆಲುವು. ಬೋಲ್ಟಿನಿಂದ ಬಂದದ್ದು ಬರೀ ಸದ್ದಿನ ಬದಲಾವಣೆ. ಟ್ರಿಗರ್ ಮಾತ್ರ ನಿಜಕ್ಕೂ ಬೇಕಾದದ್ದು. ಎರಡೂವರೆ ಕಿಲೋ ಎಳೆಯಬೇಕಾದ ಕಡೆ ಒಂದೂಕಾಲು ಕಿಲೋ ಸಾಕೆಂದರೆ ಬೆರಳು ರೈಫಲನ್ನು ಪಕ್ಕಕ್ಕೆ ಎಳೆಯುವುದಿಲ್ಲ. ಉಳಿದದ್ದೆಲ್ಲ ತೋಟೆಯ ಮಹಿಮೆ. ಒಂದೊಂದು ನಳಿಗೆಗೆ ಒಂದೊಂದು ಕಂಪನಿಯ ತೋಟೆ ಹಿಡಿಸುತ್ತದೆ. ಯಾವುದೆಂದು ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ, ಬೆಲೆ ನೋಡಿಯೂ ತಿಳಿಯುವುದಿಲ್ಲ, ಹೊಡೆದೇ ನೋಡಬೇಕು. ಅಂಚಿನಲ್ಲಿ ಮದ್ದಿರುವ ಈ ತೋಟೆಯ ಕೊಳವೆ ಒಮ್ಮೆ ಹೊಡೆದರೆ ಮುಗಿಯಿತು. ದೊಡ್ಡ ರೈಫಲಿನವರು ಖಾಲಿ ಕೊಳವೆಗೆ ಹೊಸ ಕೇಪು, ಮದ್ದು ತುಂಬಿ ತಮಗೆ ಬೇಕಾದ ಹದಕ್ಕೆ ತಂದುಕೊಳ್ಳುವಂತೆ ನಾವು ಮಾಡಲಾರೆವು. ತೋಟೆಯಲ್ಲಿ ನಮ್ಮ ಕೈಚಳಕಕ್ಕೆ ಜಾಗವಿಲ್ಲದ್ದರಿಂದಲೇ ನಮ್ಮ ಪಂಗಡದವರು ರೈಫಲಿನ ಮೇಲೆ ಬೀಳುತ್ತೇವೆ ಎಂದು ನನ್ನ ಅನುಮಾನ.

ಇಲ್ಲಿ ಹೊಸದಾಗಿ 10/22 ಕೊಳ್ಳುವ ಕನ್ನಡಿಗರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ ನನ್ನದೊಂದೇ ಮಾತು: ಬದಲಿಸಲೇಬೇಕೆಂದರೆ ಟ್ರಿಗರ್ ಬದಲಿಸಿ, ಮಿಕ್ಕ ದುಡ್ಡಿಗೆ ನಾಲ್ಕಾರು ಬಗೆಯ ತೋಟೆ ಕೊಂಡು ರೇಂಜಿಗೆ ಹೋಗಿ. ಕೊಡಗಿನಲ್ಲಿ ಓದುತ್ತಿರುವವರು ಮಾತ್ರ ದಯವಿಟ್ಟು ಸ್ಕ್ರೂ ಡ್ರೈವರ್ ಹುಡುಕಬೇಡಿ. ನಿಮಗಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ಅದನ್ನು ಬಿಚ್ಚಿ ಮಾರ್ಪಡಿಸಬೇಕೆಂದರೆ ಪರವಾನಗಿ ಇರುವವರ ಬಳಿಗೇ ಹೋಗಬೇಕು.