ಮಂಡಕಳ್ಳಿಯಲ್ಲಿ ನೆರಳು ಸಾಕ್ಷಿ

ನಂಜನಗೂಡು ರಸ್ತೆ, ಮಂಡಕಳ್ಳಿ. ವಿಮಾನ ನಿಲ್ದಾಣದ ಆಸುಪಾಸಿನ ಒಂದು ಟೀ ಅಂಗಡಿ. ನೀವು ಬೇರೊಂದು ಇಲಾಖೆಯ ಗುಮಾಸ್ತರು ಎಂದುಕೊಳ್ಳಿ; ಲೋಕಾಯುಕ್ತ ಪೊಲೀಸರು ಕರೆದಿದ್ದಕ್ಕೆ ಪಂಚರಾಗಿ ಬಂದಿದ್ದೀರಿ. ನಿಮ್ಮ ಜೊತೆಗೆ ದೂರುದಾರ, ಇದೇ ಊರಿನ ರೈತ. ಅಣ್ಣತಮ್ಮಂದಿರ ಜಮೀನಿಗೆ ಪೋಡಿ ಆಗಬೇಕು, ಸರ್ವೆ ನಕ್ಷೆ ಬೇಕು; ಅದಕ್ಕೆ ಸರ್ವೆಯರ್ ಲಂಚ ಕೇಳಿದ್ದಾರೆ ಎಂಬುದು ಅವನ ದೂರು. ರನ್‌ವೇ ವಿಸ್ತರಣೆಯ ಮಾತು ನಡೆದಿರುವ ಊರಿನಲ್ಲಿ ಒಂದು ಗುಂಟೆಯ ಗಡಿ ಎಂದರೂ ಸಣ್ಣ ವಿಷಯವಲ್ಲ.

ಬೆಳಗ್ಗೆ ಠಾಣೆಯಲ್ಲಿ ನಡೆದದ್ದು ನಿಮ್ಮ ಕಣ್ಣ ಮುಂದೆಯೇ ಇದೆ. ಹತ್ತು ನೋಟುಗಳ ನಂಬರನ್ನು ಮಹಜರಿನಲ್ಲಿ ಬರೆಸಿದರು. ಒಬ್ಬ ಸಿಬ್ಬಂದಿ ಅವುಗಳಿಗೆ ಫಿನಾಲ್ಫ್ತಲೀನ್ ಪುಡಿ ಸವರಿ, ರೈತನ ಅಂಗಿ ಜೇಬಿಗೆ ತಾವೇ ಇಟ್ಟರು. ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅವರ ಬೆರಳು ಅದ್ದಿಸಿದಾಗ ನೀರು ಗುಲಾಬಿಯಾಯಿತು. ಅವರು ಠಾಣೆಯಲ್ಲೇ ಉಳಿದರು. ಪುಡಿ ಮುಟ್ಟಿದ ಕೈ ದಾಳಿಯ ಜಾಗಕ್ಕೆ ಬರಬಾರದು. "ಅವರು ಕೇಳಿದರೆ ಮಾತ್ರ ಕೊಡಿ" ಎಂದು ಇನ್‌ಸ್ಪೆಕ್ಟರ್ ರೈತನಿಗೆ ಎರಡು ಸಲ ಹೇಳಿದರು. ನೆರಳು ಸಾಕ್ಷಿಯಾದ ನಿಮಗೆ ಹೇಳಿದ್ದು ಒಂದೇ: "ಜೊತೆಗಿರಿ, ನೋಡಿ, ಕೇಳಿಸಿಕೊಳ್ಳಿ."

ಸರ್ವೆಯರ್ ಬಂದು ಕೂತರು. ರಸ್ತೆಯಲ್ಲಿ ಲಾರಿಯ ಸದ್ದು. ನೀವು ಹಿಂದಿನ ಬೆಂಚಿನಿಂದ ಎದ್ದು ಮುಂದಿನದಕ್ಕೆ ಬರುತ್ತೀರಿ. ಇಡೀ ಮೊಕದ್ದಮೆ ನಿಲ್ಲುವುದು ಆ ಎರಡು ಹೆಜ್ಜೆಯ ಮೇಲೆ. "ನಕ್ಷೆಗೆ ಹೇಳಿದ್ದ ಐದು ಸಾವಿರ ತಂದ್ಯಾ?" ಅನ್ನುವುದು ಈಗ ನಿಮ್ಮ ಕಿವಿಗೆ ಬೀಳುತ್ತದೆ. ರೈತ ಹಣ ಕೊಟ್ಟು, ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾನೆ. ಹೊರಗೆ ಕಾದಿರುವ ಪೊಲೀಸರಿಗೆ ಅದೇ ಸನ್ನೆ.

ಮುಂದಿನದು ಬೇಗ ಮುಗಿಯುತ್ತದೆ. ಸರ್ವೆಯರ್ ಬಲಗೈ ಒಂದು ಬಟ್ಟಲಿನಲ್ಲಿ, ಎಡಗೈ ಇನ್ನೊಂದರಲ್ಲಿ, ಎರಡೂ ಗುಲಾಬಿ. ನೋಟಿನ ನಂಬರ್ ತಾಳೆಯಾಗುತ್ತದೆ. ಬಾಟಲಿಗಳಿಗೆ ಅರಗಿನ ಮೊಹರು ಬೀಳುತ್ತದೆ, ಪೋಡಿ ಕಡತ ವಶಕ್ಕೆ ಹೋಗುತ್ತದೆ. ನೋಡುತ್ತ ನಿಂತವರು "ಸಿಕ್ಕಿಬಿದ್ದ, ಮುಗೀತು" ಅನ್ನುತ್ತಾರೆ.

ಮುಗಿದಿಲ್ಲ. ಗುಲಾಬಿ ನೀರು ಹೇಳುವುದು ಕೈ ನೋಟನ್ನು ಮುಟ್ಟಿತು ಎಂದಷ್ಟೇ. ಯಾಕೆ ಮುಟ್ಟಿತು ಎಂಬುದನ್ನು ಮನುಷ್ಯರೇ ಹೇಳಬೇಕು. ಸರ್ವೆ ನಕ್ಷೆಗೆ ಐನೂರು ರೂಪಾಯಿ ಲಂಚದ ಆರೋಪವಿದ್ದ, ನಮ್ಮ ರಾಜ್ಯದ್ದೇ ಆದ ಎಂ.ಆರ್. ಪುರುಷೋತ್ತಮ ಪ್ರಕರಣದಲ್ಲಿ ದೂರುದಾರ ಮಾತು ಬದಲಿಸಿದ. ಹಣ ಸಿಕ್ಕಿತ್ತು ಎಂಬುದೊಂದೇ ಸಾಲದು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆ ರದ್ದುಮಾಡಿತು. ಇದು ಕಳ್ಳರಿಗೆ ಬಿಟ್ಟ ಕಿಂಡಿ ಎಂದು ಸಿಟ್ಟಾಗುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕೆಲಸ ಮಾಡಿಕೊಡದ ಪ್ರಾಮಾಣಿಕನ ಮೇಜಿನ ಮೇಲೆ ಪುಡಿ ಹಚ್ಚಿದ ನೋಟು ಇಟ್ಟು ಬರುವುದು ಎಷ್ಟು ಹೊತ್ತಿನ ಕೆಲಸ? ಭ್ರಷ್ಟಾಚಾರ ತಡೆ ಕಾಯ್ದೆಯ 20ನೇ ಕಲಮಿನಲ್ಲಿ ಆರೋಪಿಯ ವಿರುದ್ಧ ಬಲವಾದ ಪೂರ್ವಭಾವನೆ ಇದೆ. ಅಷ್ಟು ಬಲ ಬಳಸುವ ಮುನ್ನ ಬುನಾದಿಯ ಸಂಗತಿ ಸಾಬೀತಾಗಲಿ ಎಂದು ಕೇಳುವುದು ನ್ಯಾಯವೇ.

ಕೆಲವು ವರ್ಷಗಳ ನಂತರ, ಮೈಸೂರಿನ ವಿಶೇಷ ನ್ಯಾಯಾಲಯ. ಊರಿನ ಒತ್ತಡವೋ, ರಾಜಿಯೋ, ರೈತ ಕಟಕಟೆಯಲ್ಲಿ ನಿಂತು "ಅವರು ಕೇಳಲಿಲ್ಲ, ಸಾಲ ತೀರಿಸಿದೆ" ಎನ್ನುತ್ತಾನೆ. ಸರ್ಕಾರಿ ಅಭಿಯೋಜಕರು ಅವನನ್ನು ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಿ ಪಾಟೀಸವಾಲು ಮಾಡುತ್ತಾರೆ. ಅಷ್ಟಕ್ಕೇ ಮೊಕದ್ದಮೆ ಸಾಯುವುದಿಲ್ಲ. 2022ರ ಡಿಸೆಂಬರ್ 15ರಂದು ನೀರಜ್ ದತ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನು ಸ್ಪಷ್ಟಪಡಿಸಿತು. ಪೀಠದ ಐವರು ನ್ಯಾಯಮೂರ್ತಿಗಳಲ್ಲಿ ಅಬ್ದುಲ್ ನಜೀರ್, ಬೋಪಣ್ಣ, ನಾಗರತ್ನ ಮೂವರೂ ಕರ್ನಾಟಕದವರು. ತೀರ್ಪು ಬರೆದವರು ನಾಗರತ್ನ. ಲಂಚದ ಬೇಡಿಕೆ, ಸ್ವೀಕಾರ ಎರಡೂ ಸಾಬೀತಾಗಲೇಬೇಕು. ಆದರೆ ದೂರುದಾರ ಸತ್ತರೂ, ತಿರುಗಿಬಿದ್ದರೂ, ಬೇರೆ ಸಾಕ್ಷಿಗಳಿಂದ, ಸಾಂದರ್ಭಿಕ ಸಾಕ್ಷ್ಯದಿಂದ ಅದನ್ನು ಸಾಬೀತು ಮಾಡಬಹುದು ಎಂದರು.

ಟೀ ಅಂಗಡಿಯ ಮಾತಿನ ಧ್ವನಿಮುದ್ರಣವೂ ಇದೆ. ಅದರ ಪ್ರತಿ ಹಾಜರುಪಡಿಸಲು ಪ್ರಮಾಣಪತ್ರ ಬೇಕು. ಹಿಂದೆ ಸಾಕ್ಷ್ಯ ಕಾಯ್ದೆಯ 65ಬಿ, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು. ಆದರೆ ಆ ಮುದ್ರಣದಲ್ಲಿ ಅರ್ಧ ಮಾತು ಲಾರಿಯ ಸದ್ದಿನಡಿ ಹೂತುಹೋಗಿದೆ.

ಈಗ ನಿಮ್ಮ ಸರದಿ. ಆರೋಪಿ ಪರ ವಕೀಲರು ಏಳುತ್ತಾರೆ. ಎಷ್ಟು ಅಡಿ ದೂರದಲ್ಲಿದ್ದಿರಿ? ಪೊಲೀಸರು ಹೇಳಿಕೊಟ್ಟದ್ದನ್ನೇ ಹೇಳುತ್ತಿದ್ದೀರಲ್ಲವೇ?

"ಅಲ್ಲ ಸರ್. ಹಿಂದಿನ ಬೆಂಚಿನಿಂದ ಕೇಳಿಸುತ್ತಿರಲಿಲ್ಲ, ಅದಕ್ಕೇ ಮುಂದೆ ಬಂದು ಕೂತೆ" ಎನ್ನುತ್ತೀರಿ. ಕೇಳಿದ ಮಾತನ್ನು ಕೇಳಿದ ಹಾಗೆಯೇ, ಒಂದಕ್ಷರ ಕೂಡಿಸದೆ ಹೇಳುತ್ತೀರಿ.