ಹಿಮ್ಮೇಳದವರ ಮುಖ

ಬೈಲಹೊಂಗಲದ ಕಡೆ ಹಾಡು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬ ಎತ್ತಿಕೊಡಬೇಕು, ಇನ್ನೊಬ್ಬ ಹಿಡಿಯಬೇಕು. ಕಿತ್ತೂರಿನ ಸುತ್ತಮುತ್ತ ರಾಣಿ ಚೆನ್ನಮ್ಮನ ಮೇಲೆ, ಸಂಗೊಳ್ಳಿ ರಾಯಣ್ಣನ ಮೇಲೆ ಗೀಗೀ ಪದ ಹೇಳುವಾಗ ಮುಂದಿನವನ ಕೈಯಲ್ಲಿ ದಪ್ಪು, ಹಿಂದಿನವನ ಕೈಯಲ್ಲಿ ತುಂತುಣಿ. ನುಡಿಯ ಕೊನೆಗೆ ಹಿಂದಿನವರು ಸೊಲ್ಲು ಕೂಡಿಸಿದರೆ ಮಾತ್ರ ಕಥೆ ಮುಂದಿನ ಹೆಜ್ಜೆ ಇಡುತ್ತದೆ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಭಾರತ ಹುಣ್ಣಿಮೆಯ ಜನಸಾಗರದ ನಡುವೆ ಚೌಡಿಕೆ ನುಡಿಸುವವರನ್ನು ಹತ್ತಿರ ನಿಂತು ನೋಡಬೇಕು. ಕಂಕುಳಲ್ಲಿ ಅವುಚಿಕೊಂಡ ಟೊಳ್ಳು ಕೊಳಗ, ತಳಕ್ಕೆ ಬಿಗಿದ ತೊಗಲು, ಅದರಿಂದ ಹೊರಟ ಒಂದೇ ತಂತಿ. ಆ ಒಂಟಿ ತಂತಿಯ ಎದುರಿಗೆ ಹಾಡಿನ ಬಾಲ ಹಿಡಿಯುವ ಜೊತೆಗಾತಿ ಇದ್ದೇ ಇರುತ್ತಾಳೆ. ರಾಮದುರ್ಗ ತಾಲ್ಲೂಕಿನ ಗೊಡಚಿಯಲ್ಲಿ ವೀರಭದ್ರನ ಜಾತ್ರೆಗೆ ಹೋದರೆ ಪುರವಂತರ ಒಡಪಿಗೆ ಸಂಬಾಳದ ಪೆಟ್ಟೂ ಸುತ್ತ ನಿಂತವರ ಹುಯಿಲೂ ಉತ್ತರ ಕೊಡುತ್ತವೆ. ಮಲಪ್ರಭೆಯ ಎರಿ ಸೀಮೆಯಲ್ಲಿ ಹಾಡಿಗೆ ಯಾವಾಗಲೂ ಎರಡು ಬಾಯಿ.

ಈ ಎರಡನೆಯ ಬಾಯಿಯ ಬಗ್ಗೆ ನನಗೆ ಬಹಳ ದಿನಗಳಿಂದ ಅಕ್ಕರೆ. ಅದನ್ನು ಬೆಳೆಸಿದ್ದು ಬೈಲಹೊಂಗಲದ್ದೇ ಕಥೆಯಾದ ‘ಸಂಗ್ಯಾ ಬಾಳ್ಯಾ’.

ಕಥೆ ಉತ್ತರ ಕರ್ನಾಟಕಕ್ಕೆಲ್ಲ ಬಾಯಿಪಾಠ. ಈರಣ್ಣ ವ್ಯಾಪಾರಸ್ಥ. ಅವನ ಹೆಂಡತಿ ಗಂಗಾ. ಸಂಗ್ಯಾ ಉಳ್ಳವರ ಮನೆಯ ಹುಡುಗ, ಬಾಳ್ಯಾ ಅವನ ಜೀವದ ಗೆಳೆಯ. ಗಂಗಾಳನ್ನು ಕಂಡ ಸಂಗ್ಯಾನಿಗೆ ಬೇರೇನೂ ಬೇಡವಾಗುತ್ತದೆ. ಬಾಳ್ಯಾ ನಡುವೆ ನಿಂತು ದಾರಿ ಮಾಡಿಕೊಡುತ್ತಾನೆ. ಸುದ್ದಿ ಈರಣ್ಣನ ಮನೆ ಮುಟ್ಟುತ್ತದೆ, ಅಣ್ಣತಮ್ಮಂದಿರು ಒಟ್ಟಾಗುತ್ತಾರೆ. ಕೊನೆಗೆ ಸಂಗ್ಯಾನನ್ನು ಕೊಲ್ಲುವವರ ಕೈಗೆ ಒಪ್ಪಿಸುವವನು ಅದೇ ಬಾಳ್ಯಾ. ಇದು ಯಾರೋ ಕಟ್ಟಿದ ಕಥೆಯಲ್ಲ, ಈ ಊರಲ್ಲಿ ನಡೆದ ಕೊಲೆ. ಕೊಲೆಯ ಹಿಂದೆಯೇ ಹಾಡು ಹುಟ್ಟಿತು. ಹಳೆಯ ಶಾಸನಗಳನ್ನು ಓದಿ ಹೆಸರಾದ ಜಾನ್ ಫೇತ್‌ಫುಲ್ ಫ್ಲೀಟ್ ಮುಂಬಯಿ ಸರ್ಕಾರದ ಅಧಿಕಾರಿಯಾಗಿ ಈ ಭಾಗದಲ್ಲಿ ಓಡಾಡಿದ್ದರು. ಅವರು ಸಂಗ್ರಹಿಸಿ 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿಯ ರಾಯಣ್ಣನಿದ್ದಾನೆ, ಹಲಗಲಿಯ ಬೇಡರಿದ್ದಾರೆ, ಅವರ ಪಕ್ಕದಲ್ಲೇ ಸಂಗ್ಯಾನೂ ಇದ್ದಾನೆ. ಕಂಪನಿ ಸರ್ಕಾರದ ಎದುರು ದಂಗೆ ಎದ್ದು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ವೀರನಿಗೆ ಕೊಟ್ಟ ಗಂಭೀರ ಧಾಟಿಯನ್ನೇ ಲಾವಣಿಕಾರ ಊರೊಳಗಿನ ಒಂದು ಪ್ರೇಮದ ದುರಂತಕ್ಕೂ ಕೊಟ್ಟ. ಹಾಡಿನವರ ಈ ಸಮದೃಷ್ಟಿ ನನಗೆ ಬಲು ದೊಡ್ಡದಾಗಿ ಕಾಣುತ್ತದೆ.

ಲಾವಣಿ ಸಣ್ಣಾಟವಾಗಿ ಬೆಳೆಯಿತು. ಅದನ್ನು ಕಟ್ಟಿದ ಹಿರಿಮೆಯನ್ನು ಮೇಳದವರು ಪತ್ತಾರ ಮಾಸ್ತರರಿಗೆ ಸಲ್ಲಿಸುತ್ತಾರೆ. ಮುಂದೆ ಚಂದ್ರಶೇಖರ ಕಂಬಾರರು ಅದನ್ನು ಸಂಪಾದಿಸಿ ಪುಸ್ತಕವಾಗಿ ಕೊಟ್ಟರು. ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿ, ದೇವರು, ರಾಕ್ಷಸರು. ಸಣ್ಣಾಟದಲ್ಲಿ ನಮ್ಮ ನಿಮ್ಮಂಥ ಸಂಸಾರಸ್ಥರು, ಧೋತರ ಉಟ್ಟು ರುಮಾಲು ಸುತ್ತಿದವರು. ಡಪ್ಪಿನಾಟವೆಂದೂ ಕರೆಯುವ ಇದಕ್ಕೆ ದಪ್ಪು, ತಾಳ, ಒಂದು ಹಾರ್ಮೋನಿಯಂ ಇದ್ದರೆ ಬೆಳಗಿನ ತನಕ ಸಾಕು. ಪಾತ್ರಧಾರಿ ಮುಂದೆ ಬಂದು ಹಾಡುತ್ತಾನೆ, ಹಿಂದೆ ನಿಂತ ಮೇಳದವರು ಸಾಲಿನ ತುದಿಯನ್ನು ಕಸಿದುಕೊಂಡವರಂತೆ ಎತ್ತಿ ತಾರಕಕ್ಕೆ ಒಯ್ಯುತ್ತಾರೆ. ಆ ದನಿ ಊರಾಚೆಯ ಹೊಲಗಳಿಗೂ ಮುಟ್ಟುತ್ತದೆ.

ನಾನು ಕಂಡ ಒಂದು ಆಟದಲ್ಲಿ ಮೇಳದ ಹಿರಿಯನೊಬ್ಬ ಎಡಗೈಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಹಾಡುತ್ತಿದ್ದ. ಸಂಗ್ಯಾ ಗಂಗಾಳ ಚೆಲುವನ್ನು ವರ್ಣಿಸುವಾಗ ಆ ಮುದುಕನ ಮುಖದಲ್ಲೂ ಹರೆಯ ಬಂದಿತ್ತು, ತುಟಿಯ ಅಂಚಿನಲ್ಲಿ ನಗೆಯಿತ್ತು. ಬಾಳ್ಯಾ ಮಾತು ಮುರಿಯುವ ಹೊತ್ತು ಬಂದಾಗ ಅವನು ಕಣ್ಣು ತೆರೆದ. ಹಾಡು ನಿಲ್ಲಿಸದೆ ಬಾಳ್ಯಾನ ಬೆನ್ನನ್ನೇ ನೋಡತೊಡಗಿದ. ಪಕ್ಕದಲ್ಲಿ ಕುಳಿತ ಹೆಣ್ಣುಮಗಳು, “ಎಲ್ಲಾ ಗೊತ್ತಿದ್ದೂ ಹಾಡತಾನ ನೋಡ್ರಿ” ಅಂದಳು.

ಆಟದ ಒಳಗುಟ್ಟೆಲ್ಲ ಆ ಮಾತಿನಲ್ಲಿತ್ತು. ಮೇಳದವರಿಗೆ ಎಲ್ಲವೂ ಗೊತ್ತು. ಪ್ರೇಮಕ್ಕೂ ಅವರೇ ದನಿ ಕೂಡಿಸಿದರು, ಕೊಲೆಗೂ ಅವರೇ. ಬಚ್ಚಿಟ್ಟ ಒಲವನ್ನು ಮೊದಲು ಸವಿದು, ಆಮೇಲೆ ಬಾಯಿಂದ ಬಾಯಿಗೆ ದಾಟಿಸಿ, ಹೆಣ ಬಿದ್ದ ಮೇಲೆ ಅತ್ತ ಬೈಲಹೊಂಗಲವೇ ಅಲ್ಲಿ ಅವರ ರೂಪದಲ್ಲಿ ನಿಂತಿರುತ್ತದೆ. ಗಂಗಾ ತಪ್ಪಿತಸ್ಥಳೇ, ಸಂಗ್ಯಾ ದುಷ್ಟನೇ, ಬಾಳ್ಯಾ ಹೆದರಿದನೇ ಅಥವಾ ಮಾರಿಕೊಂಡನೇ ಎಂದು ಅವರು ತೀರ್ಪು ಹೇಳುವುದಿಲ್ಲ. ಪ್ರತಿಯೊಬ್ಬರ ಸಾಲನ್ನೂ ಅಷ್ಟೇ ಎತ್ತರಕ್ಕೆ ಎತ್ತಿ ಹಾಡುತ್ತಾರೆ.

ಇಂಥ ಹಾಡಿಗೆ ಚಿತ್ರ ಕೊಡುವುದು ಹೇಗೆ? 1992ರಲ್ಲಿ ಸುಂದರ ಕೃಷ್ಣ ಅರಸ್ ‘ಸಂಗ್ಯಾ ಬಾಳ್ಯಾ’ವನ್ನು ಸಿನಿಮಾ ಮಾಡಿದರು. ಸಿನಿಮಾದಿಂದ ಈ ಕಥೆಗೆ ಆಗುವ ಲಾಭ ಸಣ್ಣದಲ್ಲ. ಬಹುಕಾಲ ಗಂಡಸರೇ ಸೀರೆ ಉಟ್ಟು ಆಡಿದ ಗಂಗಾಳಿಗೆ ಅಲ್ಲಿ ಒಂದು ಹೆಣ್ಣಿನ ಮುಖ ಸಿಗುತ್ತದೆ. ಬಯಲಾಟದ ಏರುದನಿಯಲ್ಲಿ ಹಿಡಿಯಲಾಗದ ಅವಳ ಮೌನದ ಮೇಲೆ ಕ್ಯಾಮೆರಾ ಬೇಕಾದಷ್ಟು ಹೊತ್ತು ನಿಲ್ಲಬಲ್ಲದು. ಆದರೆ ಸಿನಿಮಾದ ರೂಢಿಯಲ್ಲಿ ಹಿಮ್ಮೇಳಕ್ಕೆ ಮೈ ಇರುವುದಿಲ್ಲ. ದನಿ ತೆರೆಯ ಹಿಂದೆ ಎಲ್ಲಿಂದಲೋ ಬರುತ್ತದೆ, ಹಾಡಿದವರು ಕಾಣುವುದಿಲ್ಲ. ಪ್ರೇಮಿಗಳು ಇಬ್ಬರೇ ಉಳಿಯುತ್ತಾರೆ. ಸುತ್ತ ನಿಂತು ಎಲ್ಲವನ್ನೂ ಬಲ್ಲ ಊರು ಚೌಕಟ್ಟಿನ ಆಚೆಗೆ ಹೋಗುತ್ತದೆ.

ಹಾಡಿಗೂ ಚಿತ್ರಕ್ಕೂ ನಡುವಿನ ಈ ಹಗ್ಗಜಗ್ಗಾಟ ನಮ್ಮದೊಂದೇ ಅಲ್ಲ. 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಎಂಟಿವಿ ಶುರುವಾದಾಗ ಮೊದಲು ತೋರಿಸಿದ್ದು ‘ವಿಡಿಯೊ ಕಿಲ್ಡ್ ದ ರೇಡಿಯೊ ಸ್ಟಾರ್’. ಅದು ಲಂಡನ್ನಿನ ಬಗಲ್ಸ್ ತಂಡದ 1979ರ ನ್ಯೂ ವೇವ್ ಹಾಡು, ಚಿತ್ರಿಸಿದವರು ರಸೆಲ್ ಮಲ್ಕಾಹಿ. ಚಿತ್ರ ಬಂದು ದನಿಯ ನಕ್ಷತ್ರಗಳನ್ನು ನಂದಿಸಿತೆಂಬ ಕೊರಗಿನ ಹಾಡೇ ಹಾಡು-ಚಿತ್ರಗಳ ಯುಗಕ್ಕೆ ಬಾಗಿಲು ತೆರೆಯಿತು. ಅದನ್ನು ಕಟ್ಟಿದವರಲ್ಲೊಬ್ಬರಾದ ಟ್ರೆವರ್ ಹಾರ್ನ್ ಅವರಿಗೆ ಜೆ.ಜಿ. ಬಲ್ಲಾರ್ಡ್ ಅವರ ಒಂದು ಸಣ್ಣಕಥೆ ಪ್ರೇರಣೆಯಾಗಿತ್ತು. ದನಿಗೆ ಬೆಲೆಯೇ ಇಲ್ಲವಾದ ಕಾಲದಲ್ಲಿ ಬದುಕುವ ಗಾಯಕಿಯ ಕಥೆ ಅದು. ಅಲ್ಲಿನವರ ಕೊರಗು ಒಂಟಿ ಗಾಯಕಿಯದು. ಚೌಡಿಕೆ, ಗೀಗೀ, ಸಣ್ಣಾಟ ಕೇಳಿ ಬೆಳೆದ ನನ್ನ ಕೊರಗು ಅವಳ ಹಿಂದೆ ನಿಂತವರದು.

ನಮ್ಮ ಹೊಸ ಅಲೆಯ ಸಿನಿಮಾ ಈ ವಿಷಯದಲ್ಲಿ ಒಂದು ದಾರಿ ತೋರಿಸಿತು. ಸಂಗ್ಯಾ ಬಾಳ್ಯಾವನ್ನು ಅಚ್ಚಿಗೆ ತಂದ ಕಂಬಾರರೇ 1978ರಲ್ಲಿ ‘ಕಾಡು ಕುದುರೆ’ ಚಿತ್ರ ನಿರ್ದೇಶಿಸಿದರು, ಹಾಡು ಬರೆದರು, ರಾಗವನ್ನೂ ತಾವೇ ಹಾಕಿದರು. ಇದೇ ಬೆಳಗಾವಿ ಸೀಮೆಯ ಘೋಡಗೇರಿಯಲ್ಲಿ ಹುಟ್ಟಿ, ಬಯಲಾಟ-ಲಾವಣಿಗಳ ಗಾಳಿಯಲ್ಲಿ ಬೆಳೆದ ಕಿವಿ ಅವರದು. ಹಾಡಿದವರು ಮಲೆನಾಡಿನಿಂದ ಬಂದ, ವಕೀಲಿ ಓದಿದ ಶಿವಮೊಗ್ಗ ಸುಬ್ಬಣ್ಣ. ಚಿತ್ರದ ಶೀರ್ಷಿಕೆ ಗೀತೆ ಅವರಿಗೆ ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿ ತಂದಿತು, ಆ ಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಅವರೇ. ಹಾಡನ್ನು ಗಮನವಿಟ್ಟು ಕೇಳಿ. ಸಾಲಿನ ಕೊನೆಯಲ್ಲಿ ದನಿಯನ್ನು ಮೇಲಕ್ಕೆ ಎಸೆದು ಎಳೆಯುವ ಆ ಪರಿ ಸಣ್ಣಾಟದ ಮೇಳದವರದ್ದೇ. ಮುಂದೆ ನಿಂತವನೂ ಹಿಂದೆ ನಿಂತವನೂ ಒಂದೇ ಕಂಠದಲ್ಲಿ ಕೂಡಿಕೊಂಡಿದ್ದಾರೆ. ಕುದುರೆ ಕಣ್ಣಿಗೆ ಬೀಳುವ ಮೊದಲೇ ಅದರ ಓಟ ಎದೆಗೆ ತಾಗುವುದು ಈ ಕಾರಣಕ್ಕೆ.

ಈಗ ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಹುಡುಗರು ತಾವೇ ಹಾಡು ಕಟ್ಟಿ, ಧ್ವನಿಮುದ್ರಿಸಿ, ಚಿತ್ರ ತೆಗೆಯುತ್ತಾರೆ. ಸೂರ್ಯಕಾಂತಿಯ ಹೊಲ, ಟ್ರ್ಯಾಕ್ಟರ್, ನವಿಲುತೀರ್ಥದ ಅಣೆಕಟ್ಟು, ಮೇಲಿನಿಂದ ಡ್ರೋನ್. ಈ ಉಮೇದು ನನಗೆ ಇಷ್ಟ. ಊರ ಹಾಡು ಊರ ಕೈಯಲ್ಲೇ ಇರುವುದಕ್ಕಿಂತ ಒಳ್ಳೆಯದು ಇನ್ನೇನಿದೆ. ಜೊತೆಗೆ ಜಾತ್ರೆಯ ಸಣ್ಣಾಟಗಳನ್ನು ಯಾರೋ ಮೊಬೈಲಿನಲ್ಲಿ ದೂರದಿಂದ ಒಂದೇ ಸಮನೆ ಹಿಡಿದಿಟ್ಟ ಚಿತ್ರಗಳೂ ಇವೆ. ಬೆಳಕು ಸಾಲದು, ಮೈಕಿನ ಕಿರಿಚಾಟ ಬೇರೆ. ಆದರೂ ನಾನು ಮತ್ತೆ ಮತ್ತೆ ನೋಡುವುದು ಅವನ್ನೇ, ಏಕೆಂದರೆ ಗಂಗಾಳ ಹಿಂದೆ ಮೇಳದವರು ಉದ್ದಕ್ಕೂ ಕಾಣುತ್ತಾರೆ.

ಕ್ಯಾಮೆರಾ ಹಿಡಿದ ಹುಡುಗರಲ್ಲಿ ನನ್ನದೊಂದೇ ಕೋರಿಕೆ. ಸಂಗ್ಯಾನ ಹಾಡಿಗೆ ನೀವೂ ಒಂದು ದಿನ ಚಿತ್ರ ಮಾಡುತ್ತೀರಿ. ಗಂಗಾಳ ಮುಖದ ಹತ್ತಿರಕ್ಕೆ ಎಷ್ಟು ಬೇಕಾದರೂ ಹೋಗಿ, ಬಾಳ್ಯಾನ ಕೈ ನಡುಗುವುದನ್ನು ತೋರಿಸಿ. ಮೇಳದವರನ್ನು ಮಾತ್ರ ಚೌಕಟ್ಟಿನಿಂದ ಹೊರಗೆ ಹಾಕಬೇಡಿ. ಅಂದು ಊರು ಬಾಯಿಬಿಟ್ಟು ಹೇಳದೇ ಹೋದದ್ದನ್ನು ಇಂದಿಗೂ ಸಾಕ್ಷಿ ನುಡಿಯುತ್ತಿರುವವರು ಅವರು.