ಒಂದೇ ಮದ್ದು, ಎರಡು ಪುಸ್ತಕ

ತೋಟಾ ತುಂಬುವವರಿಗಾಗಿ ಅಚ್ಚಾಗುವ ಅಳತೆಯ ಪುಸ್ತಕ ಹೊಸದಾಗಿ ಕೈಗೆ ಬಂದರೆ ನನಗೆ ಊಟದ ನೆನಪಿರುವುದಿಲ್ಲ. ಮುನ್ನುಡಿ ಆಮೇಲೆ. ಮೊದಲು ನೇರ .308 ವಿಂಚೆಸ್ಟರ್ ಪುಟ, ಅದರಲ್ಲಿ 168 ಗ್ರೇನ್ ಗುಂಡಿನ ಪಟ್ಟಿ, ಪಕ್ಕದಲ್ಲಿ ಇನ್ನೊಂದು ಕಂಪನಿಯ ಪುಸ್ತಕದ ಅದೇ ಪಟ್ಟಿ. ಸಾಲಿಗೆ ಸಾಲು ಬೆರಳಿಟ್ಟು ಇಳಿಯುತ್ತೇನೆ. ಈ ಸಲವೂ ನಿರಾಸೆಯಾಗಲಿಲ್ಲ. ಮದ್ದು ಅದೇ, ಗುಂಡಿನ ತೂಕ ಅದೇ, ಆದರೆ ಇಬ್ಬರೂ ‘ಗರಿಷ್ಠ’ ಎಂದು ಕೊಟ್ಟ ಅಂಕಿಗಳ ನಡುವೆ ಒಂದೂವರೆ ಗ್ರೇನ್ ಅಂತರ. ಟೆಕ್ಸಾಸಿನ ಈ ಮನೆಯ ಗ್ಯಾರೇಜಿನಲ್ಲಿ ಅದಕ್ಕಿಂತ ರುಚಿಯಾದ ಸಂಜೆ ನನಗೆ ಬೇಕಿಲ್ಲ.

ಸುರಪುರದಲ್ಲಿರುವ ನಮ್ಮ ಕಾಕಾಗೆ ಫೋನಿನಲ್ಲಿ ಇದನ್ನು ಹೇಳಿದೆ. ಅವರು ಆಯುಷ್ಯವೆಲ್ಲ ಪತ್ತಾರಿಕೆ ಮಾಡಿದವರು, ತೂಕದ ಮಾತೆಂದರೆ ಕಿವಿ ನಿಮಿರುತ್ತದೆ. ಊರಲ್ಲಿ ಈ ಹವ್ಯಾಸಕ್ಕೆ ಜಾಗವಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ತೋಟಾ ತಯಾರಿಸುವಂತಿಲ್ಲ. ಆದರೆ ಲೆಕ್ಕಕ್ಕೆ ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲವಲ್ಲ. ಬ್ರಿಟಿಷರ ಕಾಲದ ತೊಲಕ್ಕೆ 180 ಗ್ರೇನ್. ಅದೇ ತೊಲಕ್ಕೆ 96 ಗುಲಗಂಜಿ. ಅಂದರೆ ಒಂದು ಗುಲಗಂಜಿಗೆ ಎರಡು ಗ್ರೇನಿಗೂ ಸ್ವಲ್ಪ ಕಡಿಮೆ. ಒಂದೂವರೆ ಗ್ರೇನ್ ಎಂದರೆ ಎಷ್ಟೆಂದು ಕಾಕಾಗೆ ಬಿಡಿಸಿ ಹೇಳಬೇಕಾಗಲಿಲ್ಲ.

“ಅಲ್ಲೋ ತಮ್ಮಾ, ಒಬ್ಬಾಂವ ತಪ್ಪ ತೂಗ್ಯಾನ,” ಅಂದರು.

“ಇಲ್ಲ ಕಾಕಾ, ಇಬ್ಬರ ತೂಕಾನೂ ಖರೇನ ಅದ.”

“ಹಂಗಿದ್ರ ಇಬ್ಬರ ತೊಲಿ ಬ್ಯಾರೆ ಬ್ಯಾರೆ ಅವ.”

ಮದ್ದನ್ನು ಕಣ್ಣಿಂದ ನೋಡದ ಕಾಕಾ ಅರ್ಧ ದಾರಿ ತಾವೇ ನಡೆದುಬಿಟ್ಟಿದ್ದರು. ತೂಕದ ತೊಲ ಒಂದೇ, ಒತ್ತಡದ ತೊಲ ಬೇರೆ. ತಾಮ್ರದ ತುಣುಕು ಎಷ್ಟು ಜಜ್ಜಿತು ಎಂದು ನೋಡುವ ಹಳೆಯ ಪದ್ಧತಿಯಲ್ಲಿ .308ರ ಮಿತಿ 52,000. ಹರಳಿನ ಮಾಪಕ ಬಳಸುವ ಈಗಿನ ಪದ್ಧತಿಯಲ್ಲಿ ಅದೇ ತೋಟಾಗೆ 62,000 ಪಿಎಸ್‌ಐ. ಹತ್ತು ಸಾವಿರ ಹೆಚ್ಚಿತೆಂದು ಕುಣಿಯುವಂತಿಲ್ಲ. ಬಲ ಅಷ್ಟೇ, ಅಳೆದ ಬಗೆ ಬೇರೆ. ಯುರೋಪಿನ ಸಿಐಪಿ ಮಿತಿ 4150 ಬಾರ್, ಅಂದರೆ ಸುಮಾರು 60,200 ಪಿಎಸ್‌ಐ. ಅವರು ಹಿತ್ತಾಳೆ ಕೇಸಿಗೇ ತೂತು ಕೊರೆದು ಅನಿಲದ ಒತ್ತಡವನ್ನು ನೇರ ಅಳೆಯುತ್ತಾರೆ. ಅಮೆರಿಕದ ಸಾಮಿ ಪದ್ಧತಿಯಲ್ಲಿ ಮಾಪಕ ಕೇಸಿನ ಗೋಡೆಯ ಹೊರಗಿನಿಂದ ಓದುತ್ತದೆ.

ಉಳಿದರ್ಧ ದಾರಿ ನಳಿಗೆಯೊಳಗಿದೆ. ಒಂದು ನಳಿಗೆಯ ಗಂಟಲು ಉದ್ದ, ಇನ್ನೊಂದರದು ಗಿಡ್ಡ. ಒಬ್ಬರು ಬಳಸಿದ ಕೇಪು ಬಿಸಿ, ಇನ್ನೊಬ್ಬರದು ತಣ್ಣಗೆ. ಒಂದು ಗುಂಡಿನ ಹೊದಿಕೆ ಮೆದು, ಇನ್ನೊಂದು ಇಡೀ ತಾಮ್ರ. ಮದ್ದಿನ ಡಬ್ಬಿಯಿಂದ ಡಬ್ಬಿಗೂ, ಲಾಟಿನಿಂದ ಲಾಟಿಗೂ ಉರಿಯುವ ವೇಗ ತುಸು ಅತ್ತಿತ್ತ. ಕೆಲವು ಸಾಲುಗಳಲ್ಲಿ ‘ಗರಿಷ್ಠ’ಕ್ಕೂ ಒತ್ತಡಕ್ಕೂ ಸಂಬಂಧವೇ ಇಲ್ಲ; ಕೇಸು ಕಂಠದವರೆಗೆ ತುಂಬಿ, ಮುಂದೆ ಹಿಡಿಸದೆ ಅಲ್ಲಿಗೆ ನಿಲ್ಲಿಸಿದ್ದಾರೆ. ಒತ್ತಡದ ಅಂಕಿಯನ್ನು ಪಕ್ಕದಲ್ಲೇ ಅಚ್ಚು ಹಾಕುವ ಲೈಮನ್ ಪುಸ್ತಕ ನನಗೆ ಪ್ರಿಯವಾಗಿರುವುದು ಇದಕ್ಕೇ. ಹಾರ್ನಡಿಯವರು ಒಂದೇ ತೂಕದ ಹಲವು ಗುಂಡುಗಳನ್ನು ಒಂದೇ ಪಟ್ಟಿಗೆ ಸೇರಿಸುತ್ತಾರೆ. ಅಲ್ಲಿ ಗರಿಷ್ಠ ತಗ್ಗಿದ್ದರೆ ಗುಂಪಿನಲ್ಲಿ ಬಿಗಿಯಾಗಿ ಸಾಗುವ ಗುಂಡನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆಂದು ತಿಳಿದು ಓದಬೇಕು. ಯಾರೂ ಸುಳ್ಳು ಹೇಳುತ್ತಿಲ್ಲ. ಪ್ರತಿ ಸಾಲೂ ಒಂದು ನಳಿಗೆಯ ಸಾಕ್ಷಿ.

ಸಾಕ್ಷಿಗಳನ್ನು ಕೂಡಿಸಿ ಎರಡರಿಂದ ಭಾಗಿಸುವವರನ್ನು ಕಂಡರೆ ನನಗೆ ತಡೆಯುವುದಿಲ್ಲ. ನಮ್ಮ ರೇಂಜಿನಲ್ಲಿ ಇಂಥವರ ಒಂದು ದಂಡೇ ಇದೆ. ಒಂದು ಪುಸ್ತಕದ ಗರಿಷ್ಠ, ಇನ್ನೊಂದರ ಗರಿಷ್ಠ, ಕೂಡಿಸು, ಅರ್ಧ ಮಾಡು, ತುಂಬು! ಎರಡು ಊರಿನ ಬಸ್ಸಿನ ವೇಳೆ ಕೂಡಿಸಿ ಅರ್ಧ ಮಾಡಿದರೆ ಯಾವ ಊರಿನ ಬಸ್ಸು ಸಿಗುತ್ತದೆ? ಆ ಸರಾಸರಿ ಅಂಕಿಯನ್ನು ಜಗತ್ತಿನ ಯಾವ ನಳಿಗೆಯಲ್ಲೂ ಯಾರೂ ಪರೀಕ್ಷಿಸಿಲ್ಲ. ಇವರಿಗಿಂತ ಕೆಟ್ಟವರು ಗುಂಡಿನ ಹೆಸರಿಲ್ಲದೆ, ಕೇಪಿನ ಹೆಸರಿಲ್ಲದೆ, ಬರೀ ಒಂದು ಅಂಕಿಯನ್ನು ಚೀಟಿಯಲ್ಲಿ ಬರೆದು ಹಂಚುವವರು. “ನನ್ನ ರೈಫಲಿನಲ್ಲಿ ಚೆನ್ನಾಗಿದೆ” ಎಂಬ ಒಂದು ವಾಕ್ಯ ಸೇರಿಸಿಬಿಟ್ಟರೆ ಅವರ ಹೊಣೆ ಮುಗಿಯಿತು. ಆ ಚೀಟಿ ನೆಚ್ಚಿಕೊಂಡ ಹುಡುಗನ ಮುಖ, ಬೋಲ್ಟಿನಿಂದ ನಾಲ್ಕೇ ಬೆರಳು ದೂರದಲ್ಲಿರುತ್ತದೆ. ತಿಳಿದವರು ಹೀಗೆ ಮಾಡುವುದನ್ನು ನಾನು ಅಜ್ಞಾನವೆಂದು ಕ್ಷಮಿಸಲಾರೆ. ಅದು ಸೋಮಾರಿತನ.

ಹೋಲಿಸುವುದಾದರೆ ಮೊದಲು ನಿಮ್ಮ ಕೇಸಿನ ಹೊಟ್ಟೆ ಅಳೆಯಿರಿ. ನಿಮ್ಮದೇ ರೈಫಲಿನಲ್ಲಿ ಹಾರಿಸಿದ ಖಾಲಿ ಕೇಸು ತೆಗೆದುಕೊಳ್ಳಿ. ಸುಟ್ಟ ಕೇಪು ಒಳಗೇ ಇರಲಿ, ಕೆಳಗಿನ ತೂತು ಮುಚ್ಚಿಕೊಂಡಿರುತ್ತದೆ. ಒಣಗಿದ್ದಾಗ ತೂಗಿ. ಸಿರಿಂಜಿನಿಂದ ನೀರು ತುಂಬಿ, ಉಗುರಿನಿಂದ ತಟ್ಟಿ ಗುಳ್ಳೆ ಬಿಡಿಸಿ. ನೀರು ಬಾಯಿಯ ಮೇಲೆ ಉಬ್ಬಿ ನಿಂತರೆ ಲೆಕ್ಕ ಕೆಟ್ಟಿತು. ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿದ ನೀರಾದರೆ ಮಟ್ಟಸವಾಗಿ ನಿಲ್ಲುತ್ತದೆ. ಮತ್ತೆ ತೂಗಿ. ಹೆಚ್ಚಿದ ತೂಕವೇ ಹೊಟ್ಟೆಯ ಅಳತೆ, ನೀರಿನ ಗ್ರೇನ್ ಲೆಕ್ಕದಲ್ಲಿ. ಸೈನ್ಯದ 7.62 ಕೇಸಿನ ಗೋಡೆ ಸಾಮಾನ್ಯವಾಗಿ ದಪ್ಪ, ಹೊಟ್ಟೆ ಕಿರಿದು. ಅಷ್ಟೇ ಮದ್ದಿಗೆ ಅಲ್ಲಿ ಒತ್ತಡ ಏರುತ್ತದೆ. ಎರಡು ಪುಸ್ತಕಗಳ ಎಷ್ಟೋ ಜಗಳ ಈ ನೀರಿನಲ್ಲೇ ಕರಗಿಹೋಗುವುದನ್ನು ಕಂಡಿದ್ದೇನೆ.

ಆಮೇಲೆ ವೇಗ. ಮದ್ದಿನ ಅಂಕಿಗಳ ಮೇಲೆ ಕೈ ಮುಚ್ಚಿ, ವೇಗದ ಅಂಕಿಗಳನ್ನು ಮಾತ್ರ ಹೋಲಿಸಿ. ನಳಿಗೆಯ ಉದ್ದ ಒಂದೇ ಇರಲಿ. ಆರಂಭದ ಅಳತೆಯಿಂದ ಶುರುಮಾಡಿ, ಕ್ರೋನೋಗ್ರಾಫಿನ ಮುಂದೆ ಹಾರಿಸಿ. ಪುಸ್ತಕದ ಗರಿಷ್ಠ ವೇಗ ನಿಮಗೆ ಕಡಿಮೆ ಮದ್ದಿಗೇ ಸಿಕ್ಕಿತೋ, ನಿಮ್ಮ ಗರಿಷ್ಠ ಅಲ್ಲಿಗೆ ಮುಗಿಯಿತು. ಪುಸ್ತಕದಲ್ಲಿ ಇನ್ನೂ ಒಂದು ಗ್ರೇನ್ ಬಾಕಿ ಇದೆಯೆಂದು ಹಟ ಹಿಡಿಯಬೇಡಿ. ವೇಗ ಪುಕ್ಕಟೆ ಬರುವುದಿಲ್ಲ, ಒತ್ತಡ ಕೊಟ್ಟೇ ಕೊಳ್ಳಬೇಕು.

ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದು ಶಹಾಪುರದ ಮಲಗಿದ ಬುದ್ಧನ ಗುಡ್ಡ ದಾಟಿ ಊರಿಗೆ ಹೋಗುವಾಗೆಲ್ಲ ನನ್ನ ತಲೆ ವಾಗಿಣಗೇರಿಗೆ ಓಡುತ್ತದೆ. 1705ರಲ್ಲಿ ಔರಂಗಜೇಬ ತಾನೇ ಮುಂದೆ ನಿಂತು ಮುತ್ತಿದ ಕೊನೆಯ ಕೋಟೆ ಅದು. ಪಿಡ್ಡನಾಯಕನ ಬೇಡರು ಗುರಿಗೆ ಹೆಸರಾದವರು; ದಕ್ಖನಿನ ಎಷ್ಟೋ ಕೋಟೆ ಇಳಿಸಿದ ಸೈನ್ಯವನ್ನು ತಿಂಗಳುಗಟ್ಟಲೆ ತಡೆದು, ಕಡೆಗೆ ನಾಯಕ ಕೈಗೆ ಸಿಗದೆ ಪಾರಾದ. ಅವರ ಹತ್ತಿರ ಯಾವ ಪುಸ್ತಕವಿತ್ತು? ಕಪ್ಪು ಮದ್ದಿನ ಗುಣವೇ ಬೇರೆ. ಒತ್ತಡ ಏರಿದರೂ ಅದರ ಉರಿ ಅಷ್ಟಾಗಿ ಹುಚ್ಚೇಳುವುದಿಲ್ಲ, ಅಳತೆಯ ಪಾತ್ರೆಯಿಂದ ಸುರಿದರೂ ನಡೆಯುತ್ತದೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆಯಿಲ್ಲದ ಮದ್ದು ಮಾಡಿದ ಮೇಲೆ ಆ ಸಲಿಗೆ ಹೋಯಿತು. ಇದರಲ್ಲಿ ಒತ್ತಡ ಏರಿದಷ್ಟೂ ಉರಿ ಜೋರು, ಉರಿ ಜೋರಾದಷ್ಟೂ ಒತ್ತಡ. ಗುಲಗಂಜಿಯಷ್ಟರ ಮೇಲೆ ನಾವು ಇಷ್ಟು ಹೊತ್ತು ಕಳೆಯುವುದು ಅದಕ್ಕೆ. ಆದರೂ ವಾಗಿಣಗೇರಿಯ ಬೇಡನೊಬ್ಬ ನನ್ನ ರೇಂಜಿನ ಸರಾಸರಿ ಪಂಡಿತರಿಗಿಂತ ಚೆನ್ನಾಗಿ ಮದ್ದು ಬಲ್ಲವನೆಂದು ನಾನು ನಂಬಿದ್ದೇನೆ. ಪಕ್ಕದವನ ನಳಿಗೆಯ ಅಳತೆಯನ್ನು ಕಣ್ಣುಮುಚ್ಚಿ ತನ್ನ ನಳಿಗೆಗೆ ಸುರಿದವನಿಗೆ ಆ ಹೆಸರು ಬರುತ್ತಿರಲಿಲ್ಲ.

ಪುಸ್ತಕ ಮಾಡುವವರಲ್ಲಿ ನನ್ನದೊಂದೇ ಬೇಡಿಕೆ. ಕೇಸಿನ ಕಂಪನಿಯ ಹೆಸರು ಹಾಕುತ್ತೀರಿ, ಕೇಪಿನ ಹೆಸರು ಹಾಕುತ್ತೀರಿ, ನಳಿಗೆಯ ಉದ್ದ ಹಾಕುತ್ತೀರಿ. ಆ ಕೇಸಿನಲ್ಲಿ ಎಷ್ಟು ನೀರು ಹಿಡಿಯಿತೆಂಬ ಒಂದು ಅಂಕಿಯನ್ನೂ ಪ್ರತಿ ಪಟ್ಟಿಯ ತಲೆಯ ಮೇಲೆ ಅಚ್ಚು ಹಾಕಿ. ಒಂದು ಸಾಲಿನ ಜಾಗ ಸಾಕು. ನಾವು ಎರಡು ಪುಸ್ತಕ ಬಿಡಿಸಿಟ್ಟು ಊಹಿಸುತ್ತಿರುವ ಅರ್ಧದಷ್ಟು ಆ ಸಾಲಿನಲ್ಲೇ ಸಿಗುತ್ತದೆ.